ಗುಂಡಯ್ಯನ ಮೈಮೇಲಿನ ಮೊಡವೆ

ಕೊಣನೂರಿನ ಕಡೆ ನಾಲೆಯ ನೀರುಗಂಟಿಯಾಗಿದ್ದ ಗುಂಡಯ್ಯನಿಗೆ ಐವತ್ತು ದಾಟಿದ ಮೇಲೆ ಮೈತುಂಬ ಮೊಡವೆ ಎದ್ದವು. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಉಬ್ಬಸ ಮಾತ್ರ ಅವನನ್ನು ಏರಿಯ ಮೇಲೆ ಅಲ್ಲಲ್ಲಿ ಕೂರಿಸಿಬಿಡುತ್ತಿತ್ತು. ೧೯೯೭ರಲ್ಲಿ ಸಂತೆಯ ಔಷಧಿಯವನೊಬ್ಬ ಕೊಟ್ಟ ಬೂದು ಪುಡಿ ತಿಂದಮೇಲೆ ಉಸಿರು ಸಲೀಸಾಯಿತು. ಹಸಿವು ಹೆಚ್ಚಿ ಇನ್ನೊಂದು ಮುದ್ದೆ ಕೇಳತೊಡಗಿದ.

ಕೆಲವು ತಿಂಗಳಾದ ಮೇಲೆ, ಬೆನ್ನು ಉಜ್ಜುತ್ತಿದ್ದ ಹೆಂಡತಿ ಮಾಯಮ್ಮ ಕೈ ನಿಲ್ಲಿಸಿದಳು.

“ಮದ್ವೆ ಗಂಡಿಗೆ ಎದ್ದಂಗೆ ಮೊಡ್ವೆ ಎದ್ದವಲ್ಲ, ಏನ್ ಸಮಾಚಾರ?”

“ವಯಸ್ಸು ವಾಪಸ್ ಬತ್ತಾ ಐತೆ ಕಣಮ್ಮಿ!” ಎಂದು ಅವನೂ ನಕ್ಕ.

ನಗು ಹೆಚ್ಚು ದಿನ ಉಳಿಯಲಿಲ್ಲ. ಎದೆ, ಭುಜ, ಕೆನ್ನೆಯೆಲ್ಲ ಕೆಂಪು ಗುಳ್ಳೆ. ಮುಖ ದುಂಡಗೆ ಊದಿತು. ಕ್ಷೌರದ ಕೆಂಪಣ್ಣ, “ಬ್ಲೇಡ್ ಇಕ್ಕಕ್ಕೆ ಜಾಗ ಇಲ್ಲ ಕಣಣ್ಣ” ಎಂದ. ಗುಂಡಯ್ಯ ಮುಖಕ್ಕೆ ಟವಲು ಸುತ್ತಿಕೊಂಡು ಓಡಾಡತೊಡಗಿದ. ಮಾಯಮ್ಮ ಅವನನ್ನು ಹೊರಡಿಸಿಕೊಂಡು ಅರಕಲಗೂಡಿನ ಡಾಕ್ಟರ್ ಹಂಸ ಅವರ ಬಳಿಗೆ ಹೋದಳು.

“ಹುಡುಗರ ಮೊಡವೆ ಒಂದು ಸಣ್ಣ, ಒಂದು ದಪ್ಪ ಇರುತ್ತೆ. ನಿಮ್ಮವು ಎಲ್ಲಾ ಒಂದೇ ಥರ ಇವೆ. ಏನು ಔಷಧಿ ತಗೋತಿದ್ದೀರಿ?” ಎಂದರು ಡಾಕ್ಟರು.

ಮಾಯಮ್ಮ ಪುಡಿಯ ಪೊಟ್ಟಣ ತೋರಿಸಿದಳು.

“ಇದಕ್ಕೆ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸಿರೋ ಹಾಗಿದೆ. ಮೊಡವೆ, ಊತ ಎಲ್ಲಾ ಅದರಿಂದಲೇ.”

“ಇವತ್ತೇ ನಾಲೆಗೆ ಎಸೀತೀನಿ, ಮೇಡಮ್ಮಾರೆ!” ಎಂದಳು ಮಾಯಮ್ಮ.

“ಎಸೀರಿ. ಆದರೆ ಸ್ಟೀರಾಯ್ಡ್ ದಿಢೀರ್ ಅಂತ ನಿಂತರೆ ಜೀವಕ್ಕೇ ಅಪಾಯ. ಪುಡಿ ಬದಲು ಅದೇ ಸ್ಟೀರಾಯ್ಡನ್ನ ನಾನು ಲೆಕ್ಕದ ಮಾತ್ರೆಯಾಗಿ ಕೊಡ್ತೀನಿ. ನಿಧಾನವಾಗಿ ಕಮ್ಮಿ ಮಾಡೋಣ. ಉಬ್ಬಸಕ್ಕೆ ಬಾಯಿಗೆ ಎಳೆದುಕೊಳ್ಳೋ ಪಂಪ್ ಇದೆ.”

ಮಾತ್ರೆ ಕಮ್ಮಿಯಾದಂತೆ ಗುಂಡಯ್ಯನ ಕೀಲುಗಳು ನೋಯತೊಡಗಿದವು. ತೂಬಿನ ಹಿಡಿಯನ್ನು ಅರ್ಧ ತಿರುಗಿಸಿ ಬಿಟ್ಟುಬಿಡುತ್ತಿದ್ದ. ಒಂದು ಬೆಳಿಗ್ಗೆ ಏರಿಯ ಮೇಲೆ ಕೂತು, ಬುತ್ತಿ ತಂದ ಮಾಯಮ್ಮನನ್ನು “ಒಂದೇ ಒಂದು ಪೊಟ್ಣ ತಂದ್ಕೊಡು” ಎಂದು ಅಂಗಲಾಚಿದ.

“ಉಸ್ರು ಕಟ್ಟುದ್ರೆ ಪಂಪ್ ಐತೆ. ಸುಸ್ತಾದ್ರೆ ತೂಬ ನಾನ್ ಎತ್ತೀನಿ,” ಎಂದಳು ಮಾಯಮ್ಮ.

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎತ್ತಿಯೇಬಿಟ್ಟಳು. ಆ ಹಂಗಾಮೆಲ್ಲ ಅವನು ಕೂತು ಹೇಳಿದ, ಅವಳು ನೀರು ಬಿಟ್ಟಳು. ಮೊದಮೊದಲು ಹೆಂಗಸೆಂದು ಗೊಣಗಿದ ರೈತರು, ಯಾರ ಸರದಿಯೂ ತಪ್ಪದೆ ನೀರು ಬಂದದ್ದು ಕಂಡು ಅವಳನ್ನು ಒಪ್ಪಿಕೊಂಡರು.

ಮುಂದಿನ ಯುಗಾದಿಯ ಹೊತ್ತಿಗೆ ಗುಳ್ಳೆಗಳು ಒಣಗಿ, ಕಪ್ಪು ಕಲೆ ಮಾತ್ರ ಉಳಿದವು. ಗುಂಡಯ್ಯ ಸಂತೆಗೆ ಹೋಗಿ, ಪುಡಿ ಕೊಳ್ಳಲು ನಿಂತವರಿಗೆ ಅಂಗಿ ಬಿಚ್ಚಿ ಬೆನ್ನು ತೋರಿಸಿದ. ಇಬ್ಬರು ಹಿಂದಿರುಗಿದರು, ಉಳಿದವರು ಕೊಂಡರು.

ಅವನು ಮತ್ತೆ ಕೆಲಸಕ್ಕೆ ನಿಂತ ಮೇಲೂ ರೈತರು ಸರದಿ ಕೇಳಲು ಮಾಯಮ್ಮನ ಹತ್ತಿರವೇ ಬರುತ್ತಿದ್ದರು. ಗುಂಡಯ್ಯನಿಗೆ ಅದರಿಂದ ಬೇಸರವೇನೂ ಆಗಲಿಲ್ಲ.