ಅಮ್ಮನ ನಿದ್ದೆ ಜಾರಿದ ತಿಂಗಳುಗಳು

ಅಮ್ಮನ ಎರಡನೆಯ ಕಣ್ಣೂ ಹೋದ ವರ್ಷ ನಾನು ಇಲಿಗಳ ನಿದ್ದೆಯ ಮೇಲೆ ಸಂಶೋಧನೆ ಮಾಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಲಸೂರು ಕೆರೆಯ ಹಿಂದಿನ ಗಲ್ಲಿಯೊಂದರಲ್ಲಿ, ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಅಮ್ಮ, ಅಣ್ಣ, ನಾನು ಇದ್ದೆವು. ಅಣ್ಣನಿಗೆ ಶಿವಾಜಿನಗರದ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸ. ಅಮ್ಮ ಪ್ರಾಥಮಿಕ ಶಾಲೆಯ ಟೀಚರಾಗಿದ್ದವರು. ಕಣ್ಣಿನೊಳಗಿನ ಒತ್ತಡ ಏರಿ ನರವನ್ನು ಸಾಯಿಸುವ ಗ್ಲಾಕೋಮಾ ಅವರ ಕಣ್ಣುಗಳನ್ನು ಸದ್ದಿಲ್ಲದೆ ತಿಂದುಹಾಕಿತ್ತು. ಕೊನೆಗೆ ಸೂರ್ಯನ ಕಡೆ ಮುಖ ಮಾಡಿ ನಿಂತರೂ ಬಿಸಿ ಗೊತ್ತಾಗುತ್ತಿತ್ತೇ ಹೊರತು ಬೆಳಕು ಗೊತ್ತಾಗುತ್ತಿರಲಿಲ್ಲ.

ನನ್ನ ಕೆಲಸ ಹೀಗಿತ್ತು. ಮಿದುಳಿನ ಬುಡದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಗುಂಪು ಜೀವಕೋಶಗಳಿವೆ. ಯಾವಾಗ ನಿದ್ದೆ, ಯಾವಾಗ ಹಸಿವು, ಮೈ ಯಾವಾಗ ಬಿಸಿಯೇರಬೇಕು ಎಂಬುದನ್ನು ಅವು ನಡೆಸುತ್ತವೆ. ಆ ಗಡಿಯಾರ ಇಪ್ಪತ್ತನಾಲ್ಕು ಗಂಟೆಗೆ ಸರಿಯಾಗಿ ಸುತ್ತುವುದಿಲ್ಲ. ಕಣ್ಣಿನಿಂದ ಬರುವ ಬೆಳಕು ದಿನಾ ಅದನ್ನು ತಿದ್ದಬೇಕು. ನಾನು ಇಲಿಗಳನ್ನು ವಾರಗಟ್ಟಲೆ ಕತ್ತಲಲ್ಲಿಟ್ಟು, ಅವು ಚಕ್ರದ ಮೇಲೆ ಓಡುವ ಹೊತ್ತನ್ನು ಕಾಗದದ ಮೇಲೆ ಗುರುತಿಸುತ್ತಿದ್ದೆ. ತಿದ್ದುವ ಬೆಳಕಿಲ್ಲದ ಇಲಿ ದಿನಾ ಸ್ವಲ್ಪ ಮುಂಚೆ ಏಳುತ್ತದೆ. ಕಾಗದದ ಮೇಲಿನ ಗೆರೆ ಎಡಕ್ಕೆ ವಾಲುತ್ತ ಇಳಿಯುತ್ತದೆ.

ಇಷ್ಟು ತಿಳಿದವಳಿಗೆ ಮನೆಯಲ್ಲಿ ನಡೆಯುತ್ತಿದ್ದದ್ದು ಕಾಣಲಿಲ್ಲ.

ಮೊದಮೊದಲು ಅಮ್ಮನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಹಗಲು ಎದ್ದಿರಲು ಆಗುತ್ತಿರಲಿಲ್ಲ. ಊಟಕ್ಕೆ ಕೂತವರು ಸಾರನ್ನದಲ್ಲಿ ಕೈಯಿಟ್ಟುಕೊಂಡೇ ತಲೆ ಬಗ್ಗಿಸಿ ನಿದ್ದೆ ಹೋಗುತ್ತಿದ್ದರು. ಎಬ್ಬಿಸಿದರೆ ಬೆಚ್ಚಿ, ಯಾರು ನೀವು ಎನ್ನುವಂತೆ ನನ್ನ ಮುಖ ತಡವುತ್ತಿದ್ದರು. ಕೆಲವು ದಿನ ಎಲ್ಲ ತಾನಾಗಿ ಸರಿಹೋಗುತ್ತಿತ್ತು. ಸದ್ಯ ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಶುರು. ಹಾಗೆ ಸರಿಹೋಗಿ ಮತ್ತೆ ಕೆಡುವುದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತಿತ್ತು. ವೈದ್ಯರು ಕೊಟ್ಟ ನಿದ್ದೆ ಮಾತ್ರೆ ನುಂಗಿ ಅಮ್ಮ ಬಚ್ಚಲಲ್ಲಿ ಬಿದ್ದರು. ಅಣ್ಣ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಪಿಸುಗುಟ್ಟಿದ: "ಅಮ್ಮಂಗೆ ತಲೆ ಕೆಡ್ತಾ ಇದೆ ಕಣೇ. ಹುಚ್ಚಾಸ್ಪತ್ರೆಗೆ ತೋರಿಸ್ಬೇಕೇನೋ." ನಾನು ಬೈದೆ. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ರಂಜಾನ್ ಮುಗಿದು ನಾಲ್ಕು ದಿನವಾಗಿತ್ತು. ಲ್ಯಾಬಿನಲ್ಲಿ ಮೀಟಿಂಗ್ ರದ್ದಾಗಿ ಮಧ್ಯಾಹ್ನವೇ ಮನೆಗೆ ಬಂದೆ. ಕೆಳಗಿನ ಮನೆಯ ಆಂಟಿ ಗೇಟಿನ ಹತ್ತಿರ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಅವರ ಮನೆಮಾತು ಉರ್ದು. ನಮ್ಮ ಹತ್ತಿರ ಕನ್ನಡ.

"ಬೇಟಿ, ಗ್ಯಾಸ್ ವಾಸ್ನೆ ಬರ್ತಿದೆ. ಬಾಗ್ಲು ಬಡ್ದು ಬಡ್ದು ಸಾಕಾಯ್ತು, ನಿಮ್ಮಮ್ಮ ತೆಗೀತಿಲ್ಲ."

ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು. ಮೆಟ್ಟಿಲ ಕಡೆಗಿದ್ದ ಅಡುಗೆಮನೆ ಕಿಟಕಿಯ ಗಾಜನ್ನು ಆಂಟಿ ಒನಕೆಯಿಂದ ಒಡೆದರು. ಕಂಬಿಗಳ ನಡುವೆ ಕಂಡದ್ದು ನನಗೆ ಈಗಲೂ ಹಾಗೇ ಕಾಣುತ್ತದೆ: ಒಲೆಯ ಸುತ್ತ ಉಕ್ಕಿ ಹರಿದ ಹಾಲು, ಆರಿಹೋದ ಬರ್ನರ್, ನೆಲದ ಮೇಲೆ ಗೋಡೆಗೊರಗಿ ಬಾಯಿ ಸ್ವಲ್ಪ ತೆರೆದು ಕೂತಿದ್ದ ಅಮ್ಮ. ಕೂಗಿದೆ. ಅಲುಗಾಡಲಿಲ್ಲ. ಸತ್ತುಹೋಗಿದ್ದಾರೆ ಅಂದುಕೊಂಡೆ. ಕಂಬಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಆಂಟಿಯೇ ಹೆಗಲು ಕೊಟ್ಟು ಬಾಗಿಲು ನೂಕಿದರು. ಮೂರನೆಯ ಸಲಕ್ಕೆ ಚಿಲಕ ಕಿತ್ತುಬಂತು. ಒಳಗೆ ನುಗ್ಗಿ ಅಭ್ಯಾಸಬಲದಿಂದ ಲೈಟಿಗೆ ಕೈ ಹಾಕಿದೆ.

"ಸ್ವಿಚ್ ಮುಟ್ಬೇಡಾ!"

ಆಂಟಿಯ ಕೂಗಿಗೆ ನನ್ನ ಕೈ ಗಾಳಿಯಲ್ಲೇ ನಿಂತಿತು. ಆಂಟಿ ಸಿಲಿಂಡರ್ ಮುಚ್ಚಿದರು. ಇಬ್ಬರೂ ಸೇರಿ ಅಮ್ಮನನ್ನು ಹೊರಗೆ ಎಳೆದೆವು. ಮೆಟ್ಟಿಲ ಗಾಳಿಯಲ್ಲಿ ಐದಾರು ನಿಮಿಷ ಕಳೆದ ಮೇಲೆ ಅಮ್ಮ ಕೆಮ್ಮಿ, ಕಣ್ಣು ತೆರೆದು, "ಬೆಳಗಾಯ್ತಾ?" ಎಂದರು.

ಆಸ್ಪತ್ರೆಯಿಂದ ಅಮ್ಮನನ್ನು ಮನೆಗೆ ತಂದ ಸಂಜೆ ಆಂಟಿ ನನ್ನ ಪಕ್ಕ ಕೂತು ಹೇಳಿದರು: "ಒಂದ್ ಮಾತು ಹೇಳ್ಲಾ? ರಂಜಾನ್ ಶುರುವಾದಾಗ ಮೇಲೆ ಸದ್ದೇ ಇರ್ಲಿಲ್ಲ. ಎರಡ್ ವಾರ ಆದ್ಮೇಲೆ ಬೆಳಗಿನ ಜಾವ ಸೆಹ್ರಿ ಊಟಕ್ಕೆ ಎದ್ದಾಗೆಲ್ಲ ನಿಮ್ಮಮ್ಮ ಓಡಾಡೋದು ಕೇಳ್ಸೋದು. ಆ ಸದ್ದು ದಿನಾ ಸ್ವಲ್ಪ ಸ್ವಲ್ಪ ಲೇಟಾಗಿ ನಿಲ್ತಿತ್ತು. ಈದ್ ದಿನ ಶೀರ್ ಖುರ್ಮಾ ಪಾಯ್ಸ ತಂದ್ರೆ, ಬೆಳಗ್ಗೆ ಹನ್ನೊಂದು ಗಂಟೆಗೆ ಆಗ್ಲೇ ಮಲಗ್ಬಿಟ್ಟಿದ್ರು."

ದಿನಾ ಸ್ವಲ್ಪ ಸ್ವಲ್ಪ ಲೇಟಾಗಿ. ಲ್ಯಾಬಿನ ಕಾಗದದ ಮೇಲೆ ವಾಲುತ್ತ ಇಳಿಯುವ ಗೆರೆ ನೆನಪಾಯಿತು.

ಮಾರನೆಯ ದಿನದಿಂದ ಅಮ್ಮ ಮಲಗುವ, ಏಳುವ ಹೊತ್ತನ್ನು ಬರೆದಿಟ್ಟೆ. ನಾನಿಲ್ಲದಾಗ ಆಂಟಿ ನೋಡಿಕೊಂಡು ಹೇಳುತ್ತಿದ್ದರು. ಮೂರು ವಾರದ ಮೇಲೆ, ಲ್ಯಾಬಿನಲ್ಲಿ ಯಾರೂ ಇಲ್ಲದಾಗ, ಇಲಿಗಳಿಗೆ ಬಳಸುವ ಕಾಗದವನ್ನೇ ತೆಗೆದುಕೊಂಡೆ. ಗೆರೆ ಎಳೆಯಲು ಕೈ ಬರಲಿಲ್ಲ. ಗೆರೆ ಅಡ್ಡಾದಿಡ್ಡಿಯಾಗಿ ಬಂದರೆ ಅಣ್ಣ ಹೇಳಿದ್ದೇ ನಿಜ. ನೇರವಾಗಿ ವಾಲಿದರೆ, ಇಷ್ಟು ದಿನ ಕಣ್ಣೆದುರಿಗಿದ್ದದ್ದನ್ನು ನೋಡದೆ ಅಮ್ಮನನ್ನು ಸಾಯಿಸಲು ಹೊರಟಿದ್ದವಳು ನಾನೇ.

ನೇರವಾಗಿಯೇ ವಾಲಿತು. ಇಲಿಯದು ಎಡಕ್ಕೆ, ಅಮ್ಮನದು ಬಲಕ್ಕೆ. ದಿನಕ್ಕೆ ಸುಮಾರು ಅರ್ಧ ಗಂಟೆ ತಡ.

ಕಾಗದವನ್ನು ನನ್ನ ಗೈಡ್ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. "ಇದ್ಯಾವ ಪ್ರಾಣೀದು?"

"ನಮ್ಮಮ್ಮಂದು ಸರ್. ತಲೆ ಕೆಡ್ತಾ ಇದೆ ಅಂದ್ಕೊಂಡಿದ್ವಿ."

ಅವರು ಕನ್ನಡಕ ತೆಗೆದರು. "ಬೆಳಕು ಒಂಚೂರಾದ್ರೂ ಗೊತ್ತಾಗುತ್ತಾ ಅವ್ರಿಗೆ?"

"ಇಲ್ಲ ಸರ್."

"ಹಾಗಾದ್ರೆ ಹುಚ್ಚೂ ಅಲ್ಲ, ಮರೆವೂ ಅಲ್ಲ. ಗಡಿಯಾರ ತಿದ್ದೋರಿಲ್ಲ, ಅಷ್ಟೇ." ತಮಗೆ ಗೊತ್ತಿದ್ದ ನರರೋಗ ವೈದ್ಯರೊಬ್ಬರಿಗೆ ಅಲ್ಲೇ ಪತ್ರ ಬರೆದುಕೊಟ್ಟರು.

ಮನೆಗೆ ಬಂದು ಅಮ್ಮನ ಬೆರಳನ್ನು ಕಾಗದದ ಮೇಲೆ ಓರೆಯಾಗಿ ಎಳೆದು ವಿವರಿಸಿದೆ: ನಿದ್ದೆ ದಿನಾ ಜಾರುತ್ತದೆ, ಸುತ್ತಿಕೊಂಡು ರಾತ್ರಿಗೆ ಬಂದಾಗ ಕೆಲವು ದಿನ ಎಲ್ಲ ಸರಿಹೋದಂತಿರುತ್ತದೆ. ಅವರು ತಾವೇ ಇನ್ನೊಮ್ಮೆ ಬೆರಳನ್ನು ಹಾಗೇ ಎಳೆದರು. ಆಮೇಲೆ ಕೇಳಿದರು: "ಅಂದ್ರೆ ನಂಗೆ ಹುಚ್ಚು ಹಿಡೀತಿಲ್ವಾ?"

"ಇಲ್ಲಮ್ಮ."

"ನಿಮ್ಮಣ್ಣ ಮೆಟ್ಲ ಮೇಲೆ ಹೇಳಿದ್ದು ಕೇಳಿಸ್ತು ಕಣೇ. ಎಲ್ಲಿ ಬಿಟ್ಟು ಬಂದ್ಬಿಡ್ತೀರೋ ಅಂತ, ನಿದ್ದೆ ಬಂದ್ರೂ ಮಲಗ್ದೆ ಕೂತಿರ್ತಿದ್ದೆ. ನನ್ನ ನಾನೇ ಚಿವುಟ್ಕೋತಿದ್ದೆ." ಸೀರೆ ಸರಿಸಿ ತೊಡೆ ತೋರಿಸಿದರು. ಮೊಣಕಾಲಿನಿಂದ ಮೇಲಕ್ಕೆ ಪೂರ್ತಿ ಕಂದುಗಟ್ಟಿದ ಕಲೆಗಳು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು ಅಮ್ಮನ ಕಾಲ ಹತ್ತಿರ ಕೂತು, ಮುಖ ಮುಚ್ಚಿಕೊಂಡು ಅತ್ತ.

ವೈದ್ಯರು ಮೆಲಟೋನಿನ್ ಮಾತ್ರೆ ಬರೆದರು. ಕತ್ತಲಾದಾಗ ಮಿದುಳು ತಾನೇ ಸುರಿಸುವ ರಸ ಅದು; ದಿನಾ ಒಂದೇ ಹೊತ್ತಿಗೆ ಹೊರಗಿನಿಂದ ಕೊಟ್ಟರೆ ಗಡಿಯಾರ ಅದನ್ನೇ ಸಂಜೆ ಎಂದು ನಂಬಬಹುದು ಎಂದರು. "ಬಹುದು" ಎಂದೇ ಹೇಳಿದರು. ಆಗ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಗುವಷ್ಟರಲ್ಲಿ ಅಮ್ಮನ ನಿದ್ದೆ ಮತ್ತೆ ಹಗಲಿಗೆ ಜಾರಿತ್ತು, ಮೊದಲ ತಿಂಗಳು ಮಾತ್ರೆ ನಾಟಲೇ ಇಲ್ಲ. ಆ ತಿಂಗಳು ಸಿಲಿಂಡರಿಗೆ ಬೀಗ ಹಾಕಿದ್ದೆವು. ಲ್ಯಾಬಿನಿಂದ ನಾನು ಆಂಟಿಗೆ ಎಷ್ಟು ಸಲ ಫೋನ್ ಮಾಡುತ್ತಿದ್ದೆನೆಂದರೆ, ಕೊನೆಗೆ ಅವರು "ಉಸಿರಾಡ್ತಿದ್ದಾರೆ ಬೇಟಿ" ಎಂದೇ ಫೋನ್ ಎತ್ತುತ್ತಿದ್ದರು.

ಎರಡನೆಯ ತಿಂಗಳು, ಗೆರೆ ರಾತ್ರಿ ಹತ್ತರ ಹತ್ತಿರ ಬಂದಾಗ, ಅಲ್ಲಿ ನಿಂತಿತು. ಒಂದು ವಾರ. ಎರಡು ವಾರ. ನಾನು ನಂಬಲಿಲ್ಲ, ಆರು ತಿಂಗಳು ಬರೆಯುತ್ತಲೇ ಹೋದೆ.

ಅಮ್ಮ ಆಮೇಲೆ ಒಂಬತ್ತು ವರ್ಷ ಬದುಕಿದರು, ರಾತ್ರಿ ಮಲಗಿ ಬೆಳಗ್ಗೆ ಎದ್ದು. ಗ್ಲಾಕೋಮಾ ರಕ್ತಸಂಬಂಧಿಗಳಿಗೆ ಬರುವ ಸಾಧ್ಯತೆ ಹೆಚ್ಚು ಎಂದು ಕಣ್ಣಿನ ವೈದ್ಯರು ನಮ್ಮಿಬ್ಬರಿಗೂ ಹೇಳಿದ್ದರು. ಅಣ್ಣ ಎರಡು ಸಲ ತೋರಿಸಿಕೊಂಡು ಬಿಟ್ಟುಬಿಟ್ಟ. ನಾನು ಪ್ರತಿ ವರ್ಷ ಹೋಗುತ್ತೇನೆ. ಯಂತ್ರದ ಮೇಲೆ ಗದ್ದವಿಟ್ಟು ಕೂತಾಗ ವೈದ್ಯರು, "ಉಸಿರು ಬಿಗಿಹಿಡೀಬೇಡಿ, ಆರಾಮಾಗಿರಿ" ಎನ್ನುತ್ತಾರೆ. ಈವರೆಗೆ ಕಣ್ಣಿನ ಒತ್ತಡ ಸರಿಯಾಗಿಯೇ ಇದೆ. ಆರಾಮಾಗಿರಲು ಮಾತ್ರ ನನಗೆ ಒಂದು ಸಲವೂ ಆಗಿಲ್ಲ.