ತಲೆದಿಂಬಿನ ಕೆಳಗಿನ ಕುಡುಗೋಲು

ಬಾಣಂತಿಯ ತಲೆದಿಂಬಿನ ಕೆಳಗೆ ಕುಡುಗೋಲು ಇಡುವುದು ಮಧುಗಿರಿಯ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಪದ್ಧತಿ. ಕಬ್ಬಿಣವಿದ್ದರೆ ಗಾಳಿಗೀಳಿ ಸೋಕುವುದಿಲ್ಲವಂತೆ. ತಂಗಿ ಹೆತ್ತಾಗಲೂ ಅಮ್ಮ ಅದನ್ನು ತೊಳೆದು, ಅರಿಶಿನ ಹಚ್ಚಿ ಇಟ್ಟಳು. ಆಮೇಲೆ ನಾನು ಕಣ್ಣು ಮುಚ್ಚಿದಾಗಲೆಲ್ಲ ಆ ಕುಡುಗೋಲೇ ಕಾಣುತ್ತಿತ್ತು.

ಯಾಕೆಂದರೆ ತಂಗಿ ನಿದ್ದೆಯನ್ನೇ ಬಿಟ್ಟಿದ್ದಳು. ಗೋಡೆಯ ಜೊತೆ ಮಾತಾಡುತ್ತಿದ್ದಳು. ಮಗುವಿನ ಮುಖಕ್ಕೆ ಮುಖವಿಟ್ಟು ನೋಡಿ, "ಇದು ನಂದಲ್ಲ ಕಣಕ್ಕ, ಯಾರೋ ಬದಲಾಯಿಸ್ಬುಟ್ಟವ್ರೆ. ಇದನ್ನ ಸಾಗಾಕ್ಬೇಕು" ಅನ್ನುತ್ತಿದ್ದಳು. ಬಾಣಂತಿ ಸನ್ನಿ ಎಂದು ನನಗೆ ಗೊತ್ತಾಗಿತ್ತು, ಅಮ್ಮನಿಗೂ ಗೊತ್ತಾಗಿತ್ತು. ಆದರೆ ತೊಟ್ಟಿಲ ಶಾಸ್ತ್ರಕ್ಕೆಂದು ಪಾವಗಡದಿಂದ ಬಂದ ತಂಗಿಯ ಅತ್ತೆ ಇನ್ನೂ ನಮ್ಮ ಮನೆಯಲ್ಲೇ ಇದ್ದರು. ಬೀಗಿತ್ತಿಯ ಕಿವಿಗೆ ಬಿದ್ದರೆ ಮಗಳ ಸಂಸಾರ ಮುಗಿದಂತೆ ಎಂದು ಅಮ್ಮ ನನ್ನ ಬಾಯಿ ಮುಚ್ಚಿಸಿದಳು. ಕುಡುಗೋಲನ್ನಾದರೂ ತೆಗೆ ಎಂದರೆ, "ಇದ್ರೇ ಇಂಗೆ, ತೆಗೆದ್ರೆ ಇನ್ನೆಂಗೋ" ಎಂದು ಹೆದರಿದಳು.

ಒಂದು ಬೆಳಿಗ್ಗೆ ಹಾಸಿಗೆ ಕೊಡವಿದರೆ ಕುಡುಗೋಲು ಇಲ್ಲ.

ಮಂಚದಡಿ, ತೊಟ್ಟಿಲು, ತಂಗಿಯ ಸೆರಗಿನ ಮರೆ, ಎಲ್ಲ ಹುಡುಕಿದೆವು. ತಂಗಿ ಗೋಡೆಗೊರಗಿ ನಗುತ್ತಿದ್ದಳು. ನಾನು ಮಗುವನ್ನು ಎತ್ತಿಕೊಂಡು, ಆಸ್ಪತ್ರೆಗೆ ಹೊರಡಿ ಎಂದೆ. ಅತ್ತೆ ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡರು.

ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಏನು ತೊಂದರೆ ಎಂದು ಕೇಳಿದರು. ಪಕ್ಕದಲ್ಲೇ ಬೀಗಿತ್ತಿ, ಸುತ್ತ ಊರಿನವರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಹೊಟ್ಟೆನೋವು ಕಣಮ್ಮ, ಬಾಣಂತಿ" ಎಂದುಬಿಟ್ಟಳು. ನರ್ಸ್ ತಂಗಿಯನ್ನು ಹೆಂಗಸರ ವಾರ್ಡಿನಲ್ಲಿ ಮಲಗಿಸಿ ಗ್ಲೂಕೋಸ್ ಹಾಕಿದರು. ಅಮ್ಮನ ಮೇಲೆ ನನಗೆ ಮೈಯೆಲ್ಲ ಉರಿಯಿತು. ಮಗುವನ್ನು ಅಮ್ಮನ ಮಡಿಲಿಗೆ ಹಾಕಿ, ನಿಜ ಹೇಳಿಬಿಡೋಣವೆಂದು ಡಾಕ್ಟರನ್ನು ಹುಡುಕಿಕೊಂಡು ಹೋದೆ.

ಡಾಕ್ಟರ ಜೊತೆ ತಿರುಗಿ ಬಂದಾಗ ಮಂಚ ಖಾಲಿ. ಗ್ಲೂಕೋಸ್ ಕೊಳವೆ ನೇತಾಡುತ್ತಿತ್ತು, ನೆಲದ ಮೇಲೆ ರಕ್ತದ ಹನಿಗಳಿದ್ದವು. "ಹಾಲು ಕುಡುಸ್ತೀನಿ ಅಂತ ಮಗೀನ ಇಸ್ಕೊಂಡ್ಳು. ನೀರು ತಂದು ನೋಡ್ತೀನಿ, ಇಲ್ಲ" ಎಂದಳು ಅಮ್ಮ. ಅತ್ತೆಯೂ ಕಾಣಲಿಲ್ಲ. ರಕ್ತದ ಹನಿಗಳ ಜಾಡು ಹಿಡಿದು ಓಡಿದೆವು.

ಕಟ್ಟಡದ ಹಿಂದೆ ನೀರಿನ ಸಂಪು. ಮುಚ್ಚಳ ಸರಿದಿತ್ತು. ತಂಗಿ ಅದರ ಅಂಚಿನಲ್ಲಿ ಕೂತು, ಮಗುವನ್ನು ಎರಡೂ ಕೈಯಲ್ಲಿ ನೀರಿನ ಮೇಲೆ ಹಿಡಿದಿದ್ದಳು. ಎದುರಿಗೆ ಅತ್ತೆ ಮಂಡಿಯೂರಿ, ಬಾ ತಾಯಿ, ನನಗೆ ಕೊಡು ಎಂದು ತಮ್ಮ ಪಾವಗಡದ ತೆಲುಗು ಬೆರೆಸಿ ಮೆಲ್ಲಗೆ ಮಾತಾಡುತ್ತಿದ್ದರು. "ದಾ ತಲ್ಲಿ, ನಾಕಿಯ್ಯಿ. ಇದು ನಿಂದಲ್ಲ ಅಂತೀಯ, ಆಗ್ಲಿ. ನಿನ್ನ ಮಗೀನ ಹುಡುಕಾನ. ಇದನ್ನ ನಂಗೆ ಕೊಡು." ತಂಗಿ ಅವರ ಮುಖವನ್ನು ನೋಡುತ್ತಲೇ ಇದ್ದು, ಕೊನೆಗೆ ಮಗುವನ್ನು ಅವರ ಕೈಗೆ ಕೊಟ್ಟಳು. ನಾನು ಹಿಂದಿನಿಂದ ಅವಳನ್ನು ತಬ್ಬಿ ಎಳೆದುಕೊಂಡೆ.

ಇಲ್ಲಿ ಮಾನಸಿಕ ತಜ್ಞರಿಲ್ಲ, ತುಮಕೂರಿಗೆ ಬರೆದುಕೊಡುತ್ತೇನೆ ಎಂದರು ಡಾಕ್ಟರು. ಕೊರಟಗೆರೆ ದಾಟುವುದರೊಳಗೆ ಇವಳು ಗಾಡಿಯಿಂದ ಹಾರಿದರೆ ಯಾರು ಹೊಣೆ ಎಂದು ನಾನು ಜಗಳಕ್ಕೇ ನಿಂತೆ. ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. ಜೀವಕ್ಕೆ ಅಪಾಯವಿದ್ದರೆ ಯಾವ ಡಾಕ್ಟರಾದರೂ ಚಿಕಿತ್ಸೆ ಶುರು ಮಾಡಬಹುದೆಂದು ಕಾನೂನಿನಲ್ಲೇ ಇದೆ ಎಂದೆ.

"ಗೊತ್ತು ಮೇಡಂ. ಇಂಜೆಕ್ಷನ್ ಕೊಟ್ಟ ಮೇಲೆ ಇವರನ್ನ ಮಲಗಿಸೋದೆಲ್ಲಿ? ಕಾಯೋರು ಯಾರು? ಅದಕ್ಕೆ ಇಲ್ಲಿ ಜಾಗಾನೂ ಇಲ್ಲ, ಜನಾನೂ ಇಲ್ಲ" ಎಂದರು. ಅದು ನೆಪವಾಗಿರಲಿಲ್ಲ, ನಿಜವೇ ಆಗಿತ್ತು.

"ನಾವಿಬ್ರು ಕಾಯ್ತೀವಿ, ನೀವು ಕೊಡಿ ಸ್ವಾಮಿ" ಎಂದು ಅತ್ತೆ ಅಮ್ಮನ ಕೈ ಹಿಡಿದರು. ಡಾಕ್ಟರು ಜಿಲ್ಲಾಸ್ಪತ್ರೆಯ ತಜ್ಞರಿಗೆ ಫೋನ್ ಮಾಡಿ, ವಿಚಾರಿಸಿಕೊಂಡು ಇಂಜೆಕ್ಷನ್ ಕೊಟ್ಟರು. ತಂಗಿ ಮಲಗಿದಳು. ಅವಳು ನಿದ್ದೆ ಮಾಡುವುದನ್ನು ನೋಡಿ ನಾನು ಅತ್ತುಬಿಟ್ಟೆ.

ಈಗ ಅವಳು ಗುಣವಾಗಿ ಪಾವಗಡದಲ್ಲಿದ್ದಾಳೆ, ಮಗಳ ತುಂಟತನಕ್ಕೆ ಗದರುತ್ತಾಳೆ. ಆಸ್ಪತ್ರೆಗಳ ತುರ್ತು ಮಾನಸಿಕ ಚಿಕಿತ್ಸೆಗೆ ರಾಜ್ಯವೇ ಒಂದು ಗಟ್ಟಿ ಕಾಯ್ದೆ ತರಬೇಕೆಂದು ಈಚೆಗೆ ನಮ್ಮಲ್ಲಿ ಒಂದು ಸಭೆ ನಡೆಯಿತು. ತಾಲ್ಲೂಕಿಗೊಂದು ಕೋಣೆ, ತರಬೇತಿಯಾದ ನರ್ಸ್ ಬೇಕು ಎಂದರು. ಬೇಕೇ ಬೇಕು. ಬಾಗಿಲಲ್ಲಿ ಎಲ್ಲರೆದುರು ಏನು ತೊಂದರೆ ಎಂದು ಕೇಳಬಾರದು, ಮನೆಯವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೇಳಬೇಕು, ಅದನ್ನೂ ಬರೆಯಿರಿ ಎಂದೆ. ಅದೇನು ಅಷ್ಟು ದೊಡ್ಡ ವಿಷಯ ಎಂದು ಯಾರೋ ನಕ್ಕರು.

ಇಂಜೆಕ್ಷನ್ ಕೊಟ್ಟ ಆ ಮಧ್ಯಾಹ್ನ ಅವರು ತಂಗಿಯ ಮಂಚದ ಬಳಿ ಇರಲಿಲ್ಲ. ಅಮ್ಮ ತಲೆ ತಗ್ಗಿಸಿ, ನಿಮಗೆ ಹೇಳಲು ಹೆದರಿದೆ ಎಂದಾಗ ಅತ್ತೆ ಮಗುವನ್ನು ತಟ್ಟುತ್ತಾ ಹೇಳಿದರು: "ಕುಡುಗೋಲು ನಿಮ್ಮ ಅಟ್ಟದ ಮ್ಯಾಲೈತೆ ಕಣಮ್ಮ, ನಾನೇ ತೆಗೆದಿಟ್ಟಿದ್ದು. ಬಂದ ದಿನಾನೇ ನಂಗೆ ಗೊತ್ತಾಯ್ತು. ನಿನ್ನ ಮಗಳಿಗೆ ಹಿಂಗಾಗೈತೆ ಅಂದ್ರೆ ನೀನು ನೊಂದ್ಕೊತೀಯ ಅಂತ ಸುಮ್ಕಿದ್ದೆ."