ಗುಂಡಿಯಮ್ಮನ ಮೂರು ಕಿಂಡಿಗಳು

ಅಂಗಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಂಡಿ ಹೊಲಿದು ನಿವೃತ್ತಳಾದ ಹೆಂಗಸನ್ನು ಬೀದಿಯವರು ಗುಂಡಿಯಮ್ಮ ಎನ್ನದೆ ಇನ್ನೇನೆಂದಾರು? ಅವಳಿಗೂ ಆ ಹೆಸರಿನ ಬಗ್ಗೆ ತಕರಾರಿರಲಿಲ್ಲ. ಊರಿಗೆ ಊರೇ ಬಟನ್ ಎನ್ನುವ ಕಾಲದಲ್ಲೂ ಅವಳು ಗುಂಡಿಯನ್ನು ಗುಂಡಿ ಎಂದೇ ಕರೆಯುತ್ತಿದ್ದಳು. "ಬಟನ್ ಅಂದ್ರೆ ಒತ್ತೋದು, ಗುಂಡಿ ಅಂದ್ರೆ ಹಾಕೋದು" ಎಂಬುದು ಅವಳ ವ್ಯಾಕರಣ.

ನಿವೃತ್ತಿಯಾದ ಮೇಲೆ ಅವಳಿಗೆ ಎರಡು ಚಟ ಅಂಟಿಕೊಂಡವು. ಚಿಂದಿ ಬಟ್ಟೆಯಲ್ಲಿ ದಿಂಬಿನ ಚೀಲ, ಗೊಂಬೆ, ಪರದೆ ಮಾಡುವುದು ಒಂದು. ಬೀದಿಯ ಕೊನೆಯ ಹಳೇ ಸಾಮಾನಿನ ಅಂಗಡಿಗೆ ಹೋಗಿ ಬರಿಗೈಲಿ ವಾಪಸಾಗದಿರುವುದು ಇನ್ನೊಂದು. ಅಲ್ಲಿಂದ ಬಂದ ಯಾವ ವಸ್ತುವೂ ಅವಳ ಮನೆಯಲ್ಲಿ ತಾನು ಹುಟ್ಟಿದ ಕೆಲಸ ಮಾಡುತ್ತಿರಲಿಲ್ಲ. ಗ್ರಾಮಫೋನಿನ ಕಹಳೆಯೊಳಗೆ ಉಣ್ಣೆಯ ಉಂಡೆಗಳು ಮಲಗಿದ್ದವು. ಹಲ್ಲಿನ ವೈದ್ಯರ ತಟ್ಟೆಯಲ್ಲಿ ಸೂಜಿಗಳು. ಬಟ್ಟೆ ಹರಿದುಹೋದ ಕೊಡೆಯನ್ನು ತಲೆಕೆಳಗಾಗಿ ತೂಗುಹಾಕಿ ಅದರ ಕಡ್ಡಿ ಕಡ್ಡಿಗೂ ಲೇಸು ಇಳಿಬಿಟ್ಟಿದ್ದಳು. ರಾತ್ರಿ ನೀರು ಕುಡಿಯಲು ಎದ್ದ ಗಂಡ ಎರಡು ಸಲ ಅದನ್ನು ಕಂಡು ಕಿರುಚಿದ್ದ.

ಗಂಡ ನಿವೃತ್ತ ಬಸ್ ಡ್ರೈವರು. ಆ ಊರಿನ ರಸ್ತೆಗಳು ಅವನ ಬೆನ್ನುಮೂಳೆಯನ್ನು ಬಿಡಿಬಿಡಿ ಮಾಡಿ ಮನೆಗೆ ಕಳಿಸಿದ್ದವು.

"ಈ ಮನೇಲಿ ಅಲ್ಲಾಡದೆ ಕೂತ್ರೆ ನನ್ನನ್ನೂ ಏನಾದ್ರೂ ಮಾಡಿಬಿಡ್ತೀಯಲ್ಲೇ ನೀನು" ಎನ್ನುತ್ತಿದ್ದ.

"ನಿಮ್ಮಿಂದ ಏನಾಗುತ್ತೇರೀ? ಹೆಚ್ಚಂದ್ರೆ ಒಂದು ಕೋಟು ನೇತುಹಾಕಬಹುದು."

ಒಂದು ಮಧ್ಯಾಹ್ನ ಊಟದ ತಟ್ಟೆಯಲ್ಲಿ ನಾಲ್ಕು ತೂತಿನ ಬಿಳಿ ಗುಂಡಿಯೊಂದು ಸಿಕ್ಕಿತು. ಗಂಡ ಅದನ್ನು ತಟ್ಟೆಯ ಅಂಚಿಗೆ ಇಟ್ಟು, ಎದ್ದು ಕೈತೊಳೆದುಕೊಂಡ. "ಒಂದೋ ಇದಕ್ಕೆಲ್ಲ ಒಂದು ಜಾಗ ಮಾಡು, ಇಲ್ಲಾ ನನಗೊಂದು ಜಾಗ ನೋಡು" ಎಂದ.

ಗುಂಡಿಯಮ್ಮ ಅವತ್ತೇ ಅಂಗಡಿಗೆ ಹೋದಳು. ಅಲ್ಲಿ ಮುಚ್ಚಿಹೋದ ಯಾವುದೋ ಕಚೇರಿಯ ಮರದ ಕೌಂಟರು ಗೋಡೆಗೊರಗಿ ನಿಂತಿತ್ತು. ಮೂರು ಕಿಂಡಿಗಳು, ಕಿಂಡಿಗೆ ಹಿತ್ತಾಳೆಯ ಸರಳುಗಳು, ಹಿಂದುಗಡೆ ಪಾರಿವಾಳದ ಗೂಡಿನ ಹಾಗೆ ಸಾಲು ಸಾಲು ಖಾನೆಗಳು. ಖಾನೆಗಳನ್ನು ಕಂಡು ಅವಳ ಕಣ್ಣು ತುಂಬಿತು. ಕೆಲವರಿಗೆ ಮೊಮ್ಮಕ್ಕಳನ್ನು ಕಂಡರೆ ಹಾಗಾಗುತ್ತದೆ.

ನಾಲ್ಕು ಜನ ಹೊತ್ತು ತಂದರು. ಆದರೆ ಉದ್ದಕ್ಕೆ ಹಿಡಿದರೆ ಸೂರು ಅಡ್ಡ, ಅಡ್ಡಕ್ಕೆ ಹಿಡಿದರೆ ಬಾಗಿಲೇ ಸಾಲದು. ಕೊನೆಗೆ ಅದನ್ನು ವರಾಂಡದಲ್ಲೇ, ಬೀದಿಗೆ ಮುಖಮಾಡಿ ನಿಲ್ಲಿಸಿ ಹೋದರು. ಅದರ ನೆತ್ತಿಯ ಮೇಲೆ 'ಸರದಿಯಲ್ಲಿ ನಿಲ್ಲಿ' ಎಂಬ ತಗಡಿನ ಫಲಕವಿತ್ತು. ನೀಲಿಯ ಮೇಲೆ ಬಿಳಿ ಅಕ್ಷರ, ಎಷ್ಟು ಮುದ್ದಾಗಿತ್ತೆಂದರೆ ಕೀಳಲು ಅವಳಿಗೆ ಮನಸ್ಸು ಬರಲಿಲ್ಲ. ಬಣ್ಣ ಬಣ್ಣದ ದಾರವೆಲ್ಲ ಮೊದಲ ಕಿಂಡಿಯ ಹಿಂದೆ ಕೂತಿತು. ಲಂಗದ ಅಂಚಿಗೆ ಹಚ್ಚುವ ಪಟ್ಟಿಗಳು ಎರಡನೆಯದರ ಹಿಂದೆ. ಗುಂಡಿಗಳು ಮೂರನೆಯದರ ಹಿಂದೆ. ತನಗೇ ಗೊಂದಲವಾಗದಿರಲೆಂದು ಕಿಂಡಿಗಳ ಮೇಲೆ ದಪ್ಪಕ್ಷರದಲ್ಲಿ ಬರೆದಳು: ದಾರ. ಪಟ್ಟಿ. ಗುಂಡಿ.

ಮರುದಿನ ಅವಳು ಸ್ಟೂಲಿನ ಮೇಲೆ ಕೂತು ಗುಂಡಿ ವಿಂಗಡಿಸುತ್ತಿದ್ದಾಗ, ಮಂಡಿ ಹರಿದ ಪ್ಯಾಂಟಿನ ಗಣಿತದ ಮೇಷ್ಟ್ರೊಬ್ಬರು ಸೈಕಲ್ ಒರಗಿಸಿ ಮೂರನೇ ಕಿಂಡಿಯ ಮುಂದೆ ಬಂದು ನಿಂತರು.

"ಅಮ್ಮಾ, ಗುಂಡಿ ಬಿದ್ದಿದೆ."

"ಎಲ್ಲಿ ಬಿತ್ತು?"

"ಆಸ್ಪತ್ರೆ ತಿರುವಿನಲ್ಲಿ."

"ಅಲ್ಲೇ ಸ್ವಲ್ಪ ಹುಡುಕಿದ್ರೆ ಸಿಗ್ತಿತ್ತಲ್ಲ ಮೇಷ್ಟ್ರೇ?"

"ಹುಡುಕೋದೇನು ಬಂತು? ಸೈಕಲ್ ಸಮೇತ ನಾನೇ ಅದರೊಳಗಿದ್ದೆ!"

ಪಾಪ, ತಲೆಗೆ ಪೆಟ್ಟಾಗಿರಬೇಕು ಅಂದುಕೊಂಡಳು ಗುಂಡಿಯಮ್ಮ. ದನಿ ತಗ್ಗಿಸಿ, "ಎಷ್ಟು ದೊಡ್ಡದು?" ಎಂದು ಕೇಳಿದಳು. ಮೇಷ್ಟ್ರು ಎರಡೂ ಕೈ ಅಗಲಿಸಿ ತೋರಿಸಿದರು.

"ಅಷ್ಟು ದೊಡ್ಡದು ನನ್ನ ಹತ್ರ ಇಲ್ಲ. ಇರೋದ್ರಲ್ಲೇ ದೊಡ್ಡದು ನೋಡಿ ಕೊಡ್ತೀನಿ" ಎಂದು ಕೋಟಿನ ನೀಲಿ ಗುಂಡಿಯೊಂದನ್ನು ಸರಳಿನ ಕೆಳಗೆ ತಳ್ಳಿದಳು. ಮೇಷ್ಟ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ದೂರು ಕೊಟ್ಟವರಿಗೆ ಬಿಲ್ಲೆ ಕೊಡುವ ಪದ್ಧತಿ ಬಂದಿರಬೇಕು ಎಂದು ಅವರಿಗೆ ಸಮಾಧಾನವಾಯಿತು.

"ಕೆಲಸ ಯಾವಾಗ ಆಗುತ್ತೆ?"

"ಅಂಗಿ ಬಿಚ್ಚಿ ಕೊಟ್ರೆ ಎರಡು ನಿಮಿಷ."

ಕಚೇರಿಗಳಲ್ಲಿ ಏನೇನೋ ನಿಯಮಗಳಿರುತ್ತವೆ, ಆದರೆ ಇಂಥದ್ದನ್ನು ಮೇಷ್ಟ್ರು ಕೇಳಿರಲಿಲ್ಲ. "ಅವಸರ ಏನಿಲ್ಲಮ್ಮ, ಆಮೇಲೆ ಬರ್ತೀನಿ" ಎಂದು ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ವಿಷಯ ಹೇಳಿದರು.

ಬೆಳಗಾಗುವಷ್ಟರಲ್ಲಿ ಫಲಕದ ಆಜ್ಞೆಯಂತೆ ಜನ ಸರದಿಯಲ್ಲಿ ನಿಂತಿದ್ದರು. ಒಬ್ಬನ ಗುಂಡಿ ಗಿರಣಿಯ ಮುಂದೆ ಬಿದ್ದಿತ್ತು, ಇನ್ನೊಬ್ಬನದು ಸೇತುವೆ ಹತ್ತಿರ. ಮೂರನೆಯವಳು ಹಾಲು ಮಾರುವ ಹೆಂಗಸು. "ನನ್ನ ಗುಂಡೀಲಿ ನಿನ್ನೆ ಒಂದು ಕರು ಇಳಿದುಬಿಟ್ಟಿತ್ತಮ್ಮ, ಎತ್ತೋಕೆ ನಾಲ್ಕು ಜನ ಬೇಕಾಯ್ತು" ಎಂದಳು. ಗುಂಡಿಯಮ್ಮ ಕನ್ನಡಕ ತೆಗೆದು ಒರೆಸಿ ಒಳಗೆ ಹೋಗಿ ಗಂಡನನ್ನು ಎಬ್ಬಿಸಿದಳು.

"ರೀ, ಕರು ಹಿಡಿಸೋವಂಥ ಗುಂಡಿ ಯಾವ ಅಂಗಿಗೆ ಹಾಕ್ತಾರೆ?"

ಗಂಡ ನಕ್ಕ ನಗುವಿಗೆ ಅವನ ಬೆನ್ನು ಹಿಡಿದುಕೊಂಡಿತು. "ಅಯ್ಯೋ ಹುಚ್ಚಿ, ಅದು ರಸ್ತೆ ಗುಂಡಿ ಕಣೇ! ಬೋರ್ಡು ಬರೆದು ಕೂತಿದ್ದೀಯಲ್ಲ, ಬರದೇ ಇರ್ತಾರಾ?"

ಮೂವತ್ತು ವರ್ಷ ಕತ್ತು ಬಗ್ಗಿಸಿ ಕೂತವಳಿಗೆ ಗುಂಡಿಯೆಂದರೆ ಒಂದೇ ಅರ್ಥವಿತ್ತು. ಅವಳಿಗೆ ನಾಚಿಕೆಯಾಯಿತು. ಹೊರಬಂದು, ಅಂಗೈ ತುಂಬ ಗುಂಡಿ ಹಿಡಿದು ಎಲ್ಲರಿಗೂ ತೋರಿಸಿದಳು. "ನೋಡ್ರಪ್ಪ, ಇದು ಕಚೇರಿ ಅಲ್ಲ. ನನ್ನದು ಅಂಗಿ ಗುಂಡಿ. ರಸ್ತೆ ಗುಂಡಿಗೂ ನನಗೂ ಸಂಬಂಧ ಇಲ್ಲ."

ಸರದಿಯಿಂದ ಒಬ್ಬರೂ ಕದಲಲಿಲ್ಲ. ಹಾಲಿನವಳು ಹೇಳಿದಳು: "ಅದು ಗೊತ್ತಾಗುತ್ತೆ ಬಿಡಮ್ಮ, ನಮಗೇನು ಕಣ್ಣಿಲ್ವಾ? ಆದ್ರೆ ಅಲ್ಲಿ ಹೋದ್ರೆ ಯಾರೂ ತಲೆ ಎತ್ತಿ ನೋಡಲ್ಲ. ನೀನು ಎಷ್ಟು ದೊಡ್ಡದು ಅಂತ ಕೇಳ್ತೀಯಂತೆ. ಕೇಳು, ಹೇಳ್ತೀವಿ."

ಕೇಳದೆ ವಿಧಿಯಿರಲಿಲ್ಲ. ಕೇಳಿದಳು. ಹೇಳಿದವರಿಗೆಲ್ಲ ಒಂದೊಂದು ಗುಂಡಿ ಕೊಟ್ಟಳು, ಮೇಷ್ಟ್ರಿಗೆ ಕೊಟ್ಟು ಇವರಿಗೆ ಇಲ್ಲವೆಂದರೆ ಹೇಗೆ? ವಾರ ಕಳೆಯುವುದರೊಳಗೆ ಬೀದಿಯಲ್ಲಿ ಗುಂಡಿಗೊಂದು ಶಾಸ್ತ್ರವೇ ಬೆಳೆಯಿತು. ಎರಡು ತೂತಿನದು ಸಾಮಾನ್ಯ, ನಾಲ್ಕು ತೂತಿನದು ತುರ್ತು. ಹಿತ್ತಾಳೆ ಗುಂಡಿ ಸಿಕ್ಕ ಕ್ಷೌರಿಕ ಅದನ್ನು ಕನ್ನಡಿಯ ಪಕ್ಕ ನೇತುಹಾಕಿ, ಬಂದವರಿಗೆಲ್ಲ ತೋರಿಸಿ, "ನಮ್ಮದು ಮೇಲಿನ ಲೆವೆಲ್ಲು" ಅಂದ. ಬೆನ್ನು ನೋವಿನ ಗಂಡನೂ ಸ್ಟೂಲು ಎಳೆದುಕೊಂಡು ಪಕ್ಕ ಕೂತ. "ಗಿರಣಿ ಮುಂದಿನದಾ? ಅದು ನನಗೆ ಹಳೇ ಪರಿಚಯ. ಅದರ ಅಮ್ಮನೂ ಅಲ್ಲೇ ಇದ್ದಳು" ಎಂದು ಒಂದೊಂದು ಗುಂಡಿಯ ವಂಶಾವಳಿ ಬಿಚ್ಚತೊಡಗಿದ. ಗಂಡ ಇಷ್ಟು ಮಾತಾಡಿದ್ದನ್ನು ಅವಳು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಎರಡನೇ ಕಿಂಡಿಯ ಕಥೆಯೇ ಬೇರೆ. ಅಲ್ಲಿ ಕೊಡೆ ಹಿಡಿದ ಮುದುಕನೊಬ್ಬ ದಿನವೂ ಬಂದು ನಿಲ್ಲುತ್ತಿದ್ದ.

"ಪಟ್ಟೀಲಿ ನನ್ನ ಹೆಸರಿದೆಯಾ ತಾಯಿ?"

"ಯಾವ ಪಟ್ಟಿ ತಾತ?"

"ಯಾವುದಾದ್ರೂ ಸರಿ. ಇಷ್ಟು ವಯಸ್ಸಾಯ್ತು, ಒಂದರಲ್ಲೂ ಬಂದಿಲ್ಲ."

ನಾಲ್ಕನೇ ದಿನ ಗುಂಡಿಯಮ್ಮ ಒಂದು ಗೇಣು ಕೆಂಪು ಪಟ್ಟಿ ಕತ್ತರಿಸಿ, ಹಳದಿ ದಾರದಲ್ಲಿ ಮುದುಕನ ಹೆಸರು ಹೊಲಿದು ಕೊಟ್ಟಳು. "ತಗೋ ತಾತ, ಬಂತು." ಮುದುಕ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ, ದೂರ ಹಿಡಿದು ಓದಿದ. ಮರುದಿನ ಹೆಂಡತಿಯನ್ನೂ ಕರೆದುಕೊಂಡು ಬಂದ, ಅವಳ ಹೆಸರೂ ಇಲ್ಲವೆಂದು.

ಕೊನೆಗೆ ಸುದ್ದಿ ರಸ್ತೆ ವಿಭಾಗದ ಎಂಜಿನಿಯರನ ಕಿವಿಗೂ ಬಿತ್ತು. ತನಗೆ ತಿಳಿಯದಂತೆ ಗುಂಡಿಗೆಂದೇ ಒಂದು ಕಚೇರಿ ಶುರುವಾಗಿದೆ! ಅವನು ಜೀಪಿನಲ್ಲಿ ಹಾರಿ ಬಿದ್ದು ಬಂದ, ಹಾರಿಸಿದ್ದು ಬೀಳಿಸಿದ್ದು ರಸ್ತೆಯೇ. ನೇರ ಕಿಂಡಿಗೆ ನುಗ್ಗಲು ಹೋದಾಗ ಹಾಲಿನವಳು ಅಡ್ಡ ಬಂದಳು. "ಏನ್ ಸ್ವಾಮಿ, ಬೋರ್ಡು ಕಾಣಲ್ವಾ?" ಎಂಜಿನಿಯರು ಬಾಲ ಮುದುರಿಕೊಂಡು ಸರದಿಯ ಕೊನೆಗೆ ಹೋದ. ಅವನ ಮುಂದೆ ನಿಂತವರು ಅವನು ಯಾರೆಂದು ತಿಳಿಯದೆ, ಅವನ ಬಗ್ಗೆಯೇ ಅವನಿಗೆ ಬಹಳ ವಿಷಯ ಹೇಳಿದರು.

ಕಿಂಡಿ ತಲುಪುವಷ್ಟರಲ್ಲಿ ಅವನ ದನಿ ಇಳಿದಿತ್ತು. "ಮೇಡಂ, ಒಟ್ಟು ಎಷ್ಟು ಗುಂಡಿ ಬಂದಿವೆ ನಿಮ್ಮ ಹತ್ರ?"

ಯಾರು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳುವುದೆಂದು ಗುಂಡಿಯಮ್ಮ ತೀರ್ಮಾನಿಸಿದ್ದಳು. "ಎಣಿಸಿಲ್ಲ ಸ್ವಾಮಿ. ತೂಕದಲ್ಲಿ ಹೇಳೋದಾದ್ರೆ ಇಪ್ಪತ್ತು ಕಿಲೋ ಇರಬಹುದು."

ದೂರಿನ ಕಾಗದವೇ ಇಪ್ಪತ್ತು ಕಿಲೋ! ಎಂಜಿನಿಯರನ ಹಣೆ ಬೆವರಿತು. "ಇದೆಲ್ಲ... ಮೇಲಿನವರಿಗೆ ಗೊತ್ತಾ?"

ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದವರನ್ನು ನೆನೆದು ಗುಂಡಿಯಮ್ಮ ಹೇಳಿದಳು: "ಗೊತ್ತಿಲ್ಲದೆ ಇರುತ್ತಾ? ದಿನಾ ಮೇಲಿಂದ ಬಗ್ಗಿ ನೋಡ್ತಾನೇ ಇರ್ತಾರೆ. ಅವರಿಗೂ ಸಾಕಾಗಿದೆಯಂತೆ."

ಎಂಜಿನಿಯರು ಸರಳು ಹಿಡಿದುಕೊಂಡ. "ಒಂದೇ ಒಂದು ವಾರ ಟೈಮ್ ಕೊಡಿ ಮೇಡಂ." ಅವಳು ಅವನಿಗೂ ಒಂದು ಗುಂಡಿ ಕೊಟ್ಟಳು. ಕೊಡದೆ ಕಳಿಸಿದರೆ ಬೇಜಾರು ಮಾಡಿಕೊಳ್ಳುತ್ತಾನೇನೋ ಎಂದು ನಾಲ್ಕು ತೂತಿನದನ್ನೇ ಕೊಟ್ಟಳು. ಅದನ್ನು ಕಂಡು ಸರದಿಯಲ್ಲಿದ್ದವರು, "ಓ, ತುರ್ತು!" ಎಂದರು. ಅವನ ಮುಖ ಇನ್ನಷ್ಟು ಬಿಳಿಚಿತು.

ನಂಬಿದರೆ ನಂಬಿ, ಡಾಂಬರಿನ ಲಾರಿಗಳು ಮಾರನೇ ದಿನವೇ ಬಂದವು. ಆಸ್ಪತ್ರೆ ತಿರುವಿನದು ಮುಚ್ಚಿತು, ಗಿರಣಿಯ ಮುಂದಿನದು ಮುಚ್ಚಿತು, ಕರು ಇಳಿದ ಜಾಗದಲ್ಲಿ ಹಾಲಿನವಳು ನಡುರಸ್ತೆಯಲ್ಲಿ ನಿಂತು ಕಾಲು ಕುಟ್ಟಿ ಪರೀಕ್ಷೆ ಮಾಡಿದಳು. ತಪ್ಪಿಯೂ ಒಂದು ಗುಂಡಿ ಉಳಿಯಲಿಲ್ಲ. ಗಂಡ ಸಂಜೆ ಒಂದು ಬಸ್ಸು ಹತ್ತಿ ಊರೆಲ್ಲ ಸುತ್ತಿ ಬಂದು, ಒಂದು ಕಡೆಯೂ ಎಗರಲಿಲ್ಲವೆಂದು ಸ್ವಲ್ಪ ಮಂಕಾಗಿ ಕೂತ.

ಕೆಲಸವಾದವರು ಬಿಲ್ಲೆ ವಾಪಸು ಕೊಡಬೇಕಲ್ಲ? ಜನ ಮತ್ತೆ ಸರದಿಯಲ್ಲಿ ನಿಂತು ಗುಂಡಿ ಹಿಂದಿರುಗಿಸಿದರು. ಕೆಲವರು ಪ್ರೀತಿಯಿಂದ ತಮ್ಮ ಮನೆಯ ಹಳೇ ಅಂಗಿಗಳ ಗುಂಡಿಯನ್ನೂ ಕಿತ್ತು ತಂದು ಸುರಿದರು. ಕೋಟಿನದು, ಲಂಗದ್ದು, ಮಕ್ಕಳ ಚಡ್ಡಿಯದು ಎಲ್ಲ ಒಂದಾಗಿ ದೊಡ್ಡ ಬುಟ್ಟಿ ತುಂಬಿತು. ಗುಂಡಿಯಮ್ಮ ಅದರ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಳು. ಆದರೆ ಆ ಕೈಯ ಕೆಳಗೆ ಮುಖ ನಗುತ್ತಿತ್ತು ಎಂದು ಗಂಡ ಈಗಲೂ ಹೇಳುತ್ತಾನೆ.

ಆ ಹೊತ್ತಿಗೆ, ಚೀಲ ಹಿಡಿದ ನಡುವಯಸ್ಸಿನ ಗುಮಾಸ್ತನೊಬ್ಬ ಮೆಟ್ಟಿಲು ಹತ್ತಿ ಬಂದ. ರಸ್ತೆ ವಿಭಾಗದಿಂದ ಅವನನ್ನು 'ಗುಂಡಿ ಕಚೇರಿ'ಗೆ ವರ್ಗ ಮಾಡಿದ್ದರು. ಗುಂಡಿಯಮ್ಮ ಅವನಿಗೂ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗುಮಾಸ್ತ ಎಲ್ಲ ಕೇಳಿದ. ಸಾಲು ಸಾಲು ಖಾನೆಗಳನ್ನು ನೋಡಿದ, ಕಹಳೆಯೊಳಗಿನ ಉಣ್ಣೆಯನ್ನು ಮುಟ್ಟಿ ನೋಡಿದ.

"ಅಮ್ಮಾ, ದಯವಿಟ್ಟು ಅವರಿಗೆ ಹೇಳಬೇಡಿ. ಅಲ್ಲಿ ನನಗೆ ಕೂರೋಕೆ ಕುರ್ಚಿ ಕೂಡ ಕೊಟ್ಟಿರಲಿಲ್ಲ."

ಗಂಡ ಒಳಗಿನಿಂದ ಇನ್ನೊಂದು ಸ್ಟೂಲು ತಂದು ಹಾಕಿದ. ಗುಮಾಸ್ತ ಅಂಗಿಯ ತೋಳು ಮಡಿಸಿ, ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಬಣ್ಣದ ಪ್ರಕಾರ ಮಾಡಲಾ, ತೂತಿನ ಪ್ರಕಾರ ಮಾಡಲಾ?"

"ಮೊದಲು ಬಣ್ಣ ಮುಗಿಸಪ್ಪ" ಎಂದಳು ಗುಂಡಿಯಮ್ಮ. "ತೂತು ನಾಳೆ ನೋಡೋಣ."